ಹಿಂದಕ್ಕೆ ಒಯ್ಯುವ ದರ ಐದುನೂರು

ಕೆಟ್ಟ ಕಂಪ್ಯೂಟರನ್ನು ಅದು ನೆಟ್ಟಗಿದ್ದ ದಿನಕ್ಕೆ ಹಿಂದಕ್ಕೆ ಒಯ್ಯಲು ನಾನು ಐದುನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಕೊಡುವುದಕ್ಕೆ, ಅಂದರೆ ನಮ್ಮ ಕಡೆ ‘ಫಾರ್ಮ್ಯಾಟ್ ಹೊಡೆಯುವುದು’ ಎನ್ನುವ ಕೆಲಸಕ್ಕೆ, ಮುನ್ನೂರು. ಜಮಖಂಡಿ ಬಸ್ ನಿಲ್ದಾಣದ ಹತ್ತಿರ ಇದ್ದ ನನ್ನ ಅಂಗಡಿಯ ಗೋಡೆಗೆ ಎರಡೂ ದರ ಬರೆದು ಹಚ್ಚಿದ್ದೆ. ಓದಿದವರು ಜಗಳಕ್ಕೆ ನಿಲ್ಲುತ್ತಿದ್ದರು.

“ಏ ಈರಣ್ಣಾ, ಫಾರ್ಮ್ಯಾಟಿಗೆ ಅರ್ಧಾ ದಿನ ಕುಂದ್ರತಿ, ಮುನ್ನೂರು. ಇದಕ್ಕ ಎರಡ ಗುಂಡಿ ಒತ್ತತಿ, ಐದನೂರಾ? ಯಾ ಊರ ನ್ಯಾಯೋ ಇದು?”

“ಜಮಖಂಡಿ ನ್ಯಾಯರಿ. ಒತ್ತೂದಕ್ಕ ರೊಕ್ಕ ಅಲ್ಲ. ಒತ್ತೂಕಿಂತ ಮದಲ ಕೇಳತೀನಲ್ಲ, ಅದಕ್ಕ ರೊಕ್ಕ.”

ಚೌಕಾಶಿ ಮಾಡಿ ಬೆಳೆದವನು ನಾನು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಮೊದಲ ಬೆಲೆಗೆ ಒಪ್ಪಿದವನಲ್ಲ. ಆದರೆ ಈ ಐದುನೂರರಲ್ಲಿ ಐದು ರೂಪಾಯಿಯನ್ನೂ ಯಾರಿಗೂ ಬಿಟ್ಟಿಲ್ಲ. ಒಂದೇ ಒಂದು ಸಲ ಬಿಟ್ಟೆ, ಆಗ ಪೂರ್ತಿ ಬಿಟ್ಟೆ. ಆ ಕಥೆ ಮುಂದೆ ಬರುತ್ತದೆ. ಈಗ ಅಂಗಡಿ ಮುಚ್ಚಿದ್ದೇನೆ, ಯಾರ ಹಂಗೂ ಇಲ್ಲ. ಸ್ಕ್ರೂ ಡ್ರೈವರ್ ಹಿಡಿದು ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಮೊದಲು ಗೊತ್ತಿರಬೇಕಾದದ್ದು ಇಷ್ಟೇ. ಹಿಂದಕ್ಕೆ ಒಯ್ಯುವುದರಲ್ಲಿ ಎರಡು ಬಗೆ. ಒಂದು, ಕಂಪ್ಯೂಟರು ತಾನೇ ಆಗಾಗ ಒಂದು ಗುರುತು ಹಾಕಿಕೊಂಡಿರುತ್ತದೆ. ಆ ಗುರುತಿಗೆ ಮರಳಿಸಿದರೆ ಒಳಗಿನ ಪ್ರೋಗ್ರಾಮುಗಳು, ಸೆಟ್ಟಿಂಗುಗಳು ಅಂದಿನಂತಾಗುತ್ತವೆ, ನಿಮ್ಮ ಪತ್ರ, ಫೋಟೋಗಳ ತಂಟೆಗೆ ಅದು ಹೋಗುವುದಿಲ್ಲ. ಎರಡನೆಯದು ದೊಡ್ಡ ಕೆಲಸ. ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದು ದಿನ ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟಿರುತ್ತೇವೆ. ಅದನ್ನು ಮರಳಿ ಸುರಿದರೆ ಎಲ್ಲವೂ ಆ ದಿನದಂತೆ. ಎಲ್ಲವೂ ಎಂದರೆ ಎಲ್ಲವೂ. ಆಮೇಲೆ ನೀವು ಮಾಡಿದ ಕೆಲಸ ನೀರು ಸುರಿದ ರಂಗೋಲಿ. ಮೊದಲನೆಯದು ಮಾತ್ರೆ, ಎರಡನೆಯದು ಕತ್ತರಿ ಹಾಕುವ ಆಪರೇಷನ್. ಇವೆರಡರ ಅಂತರ ತಿಳಿಯದವನ ಕೈಗೆ ಕಂಪ್ಯೂಟರ್ ಕೊಡಬೇಡಿ, ಅವನು ನಿಮ್ಮ ಸೋದರಮಾವನೇ ಆಗಿದ್ದರೂ.

ನನಗೆ ಈ ಕೆಲಸ ಕಲಿಸಿದವರು ವಸಂತ ಸರ್. ಜಮಖಂಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದರು. ನಾನು ಪಿಯುಸಿ ಫೇಲಾಗಿ ಅಲ್ಲಿ ಧೂಳು ಒರೆಸಲು ಸೇರಿದವನು. ಅವರು ನನಗೆ ಅನ್ನ ಹಾಕಿದರು, ಕೈಹಿಡಿದು ಕಲಿಸಿದರು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಅವರ ಹತ್ತಿರ ಎಲ್ಲ ರೋಗಕ್ಕೂ ಒಂದೇ ಔಷಧ.

“ಏನಾಗೇತಿ ಅಂತ ಹುಡುಕ್ಕೋತ ಕುಂದ್ರಬ್ಯಾಡೋ ಈರಣ್ಣಾ. ಫಾರ್ಮ್ಯಾಟ್ ಹೊಡಿ. ಗಿರಾಕಿ ದೇವ್ರು, ಹೊಸ ಕಂಪ್ಯೂಟರ್ ಸಿಕ್ತಂತ ಕುಣೀತಾನ.”

“ಅಂವ ಅದರಾಗ ಇಟ್ಟಿದ್ದು, ಸರ್?”

“ಅದರಾಗ ಇಡು ಅಂತ ಅವಗ ನಾ ಹೇಳೀನೇನು?”

ಇನ್ನೊಂದು ಚಟವೂ ಅವರಿಗಿತ್ತು. ಯಾವುದೇ ಕಂಪ್ಯೂಟರ್ ಕೈಗೆ ಬಂದರೂ ಆ ಗುರುತು ಹಾಕಿಕೊಳ್ಳುವ ಏರ್ಪಾಡನ್ನೇ ಮೊದಲು ಬಂದ್ ಮಾಡುತ್ತಿದ್ದರು. ‘ಜಾಗಾ ತಿಂತೈತಿ, ಮಷಿನ್ ಜಡ ಆಗತೈತಿ’ ಎಂಬುದು ಅವರ ವಾದ. ಮನೆ ಹಗುರಾಗಲಿ ಎಂದು ಬಾವಿಯ ಹಗ್ಗ ಬಿಸಾಡಿದಂತೆ ಇದು ಎಂದು ನಾನು ಒಮ್ಮೆ ವಿದ್ಯಾರ್ಥಿಗಳ ಎದುರಿಗೇ ಹೇಳಿದೆ. “ಅಷ್ಟ ಶಾಣ್ಯಾ ಇದ್ರ ನೀನ ಒಂದ ಅಂಗಡಿ ಹಾಕು” ಎಂದರು. ಹಾಕಿದೆ. ಅವರ ಕೇಂದ್ರದ ಎದುರು ಸಾಲಿನಲ್ಲೇ ಹಾಕಿದೆ.

ಆಮೇಲಿನ ಕೆಲಸದಲ್ಲಿ ನಾನು ಕಲಿತದ್ದು ಬಹುಪಾಲು ಮನುಷ್ಯರ ಬಾಯಿಂದ ಸತ್ಯ ಹೊರಡಿಸುವುದನ್ನು. ಬೀಳಗಿಯಲ್ಲಿ ಹುಸೇನಸಾಬರು ಝೆರಾಕ್ಸ್ ಮತ್ತು ಅರ್ಜಿ ತುಂಬುವ ಅಂಗಡಿ ಇಟ್ಟಿದ್ದರು. ಅವರ ಪ್ರಿಂಟರ್ ಒಂದು ದಿನ ಸತ್ಯಾಗ್ರಹಕ್ಕೆ ಕೂತಿತು. ಸೋಮವಾರ ಸರಿ ಇತ್ತಂತೆ; ಸೋಮವಾರಕ್ಕೆ ಒಯ್ಯುತ್ತೇನೆ ಎಂದೆ.

“ಸೋಮವಾರಕ್ಕ ಒಯ್ದ್ರ, ಮಂಗಳವಾರದ ಗಿರಾಕಿ ಮತ್ತ ಬಂದು ಮತ್ತ ರೊಕ್ಕ ಕೊಡ್ತಾರೇನ್ರಿ?” ಎಂದು ನಕ್ಕರು.

“ಕೊಡ್ತಾರಂದ್ರ ಅರ್ಧಾ ನನಗ ಕೊಡ್ರಿ. ಅದಿರಲಿ, ಸೋಮವಾರದಿಂದ ಈಚೆಗೆ ಇದರಾಗ ಹೊಸಾದು ಏನ್ ಹಾಕೀರಿ?”

“ಅಲ್ಲಾನ ಆಣಿ, ಏನೂ ಇಲ್ರಿ.”

ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು. “ಯಾಕ, ಕ್ರಿಕೆಟ್ ನೋಡಾಕಂತ ಬುಧವಾರ ಏನೋ ಇಳಿಸಿ, ಬಾಯಿ ತಕ್ಕೊಂಡು ಕುಂತಿದ್ರೆಲ್ಲ?”

ಆ ‘ಏನೋ’ ಪ್ರಿಂಟರಿನ ಕುತ್ತಿಗೆ ಹಿಡಿದಿತ್ತು. ಸೋಮವಾರಕ್ಕೆ ಒಯ್ದೆ, ಪ್ರಿಂಟರ್ ಗಡಗಡ ಎಂದಿತು. ಐದುನೂರು ಕೊಟ್ಟರು, ಮೇಲೆ ಒಂದು ಚಹಾ. ಗಿರಾಕಿ ‘ಏನೂ ಮಾಡಿಲ್ಲ’ ಎಂದರೆ ನಂಬಿದಂತೆ ತಲೆ ಆಡಿಸಿ, ಆದರೆ ಪಕ್ಕದಲ್ಲಿ ಕೂತವರನ್ನು ಕೇಳಿ.

ಮುಧೋಳದ ಅನುಭವ ಬೇರೆ. ಫೋಟೋ ಸ್ಟುಡಿಯೋದ ಭರಮಪ್ಪ ಒಂದು ಮದುವೆಯ ಫೋಟೋಗಳನ್ನೆಲ್ಲ ಅಳಿಸಿಕೊಂಡು ನನ್ನ ಹತ್ತಿರ ಓಡಿಬಂದ. “ನಿನ್ನಿಗೆ ಒಯ್ಯೋ ಅಣ್ಣಾ, ಸಾವಿರ ಕೊಡ್ತೀನಿ.” ಹಿಂದಕ್ಕೆ ಒಯ್ದರೆ ಪ್ರೋಗ್ರಾಮುಗಳು ಬರುತ್ತವೆ, ಅಳಿಸಿದ ಫೋಟೋ ಬರುವುದಿಲ್ಲ, ಅದು ಬೇರೆ ವಿದ್ಯೆ, ಮೊದಲು ಈ ಕಂಪ್ಯೂಟರ್ ಬಂದ್ ಮಾಡಿ ಆ ವಿದ್ಯೆ ಬಲ್ಲವರ ಹತ್ತಿರ ಒಯ್ಯಿ ಎಂದೆ. ಸಾವಿರ ರೂಪಾಯಿಯನ್ನು ಟೇಬಲ್ ಮೇಲಿಂದ ಅವನ ಕಡೆಗೇ ದೂಡಿದೆ. ಅವನು ಹೊರಗೆ ಹೋಗಿ, ರೊಕ್ಕ ಕೊಟ್ಟರೂ ಒಲ್ಲೆ ಅನ್ನುವವನಿಗೆ ಕೆಲಸವೇ ಬರುವುದಿಲ್ಲ ಎಂದು ಮುಧೋಳವೆಲ್ಲ ಸಾರಿದ. ಸಾರಲಿ. ಬಾರದ ಕೆಲಸಕ್ಕೆ ‘ನೋಡೋಣ ತಗೋರಿ’ ಎಂದು ಮುಂಗಡ ಹಿಡಿಯುವವರು ಊರಿಗೆ ಹತ್ತು ಜನ ಇದ್ದಾರೆ, ಹನ್ನೊಂದನೆಯವನಾಗಲು ನನಗೆ ಮನಸ್ಸಿರಲಿಲ್ಲ.

ಇನ್ನು ಬನಹಟ್ಟಿ. ನನ್ನ ಅರ್ಧ ಸಂಪಾದನೆ ರಬಕವಿ-ಬನಹಟ್ಟಿಯದು. ಅಲ್ಲಿ ಮಗ್ಗದ ಸದ್ದು ಇಲ್ಲದ ಓಣಿ ಇರಲಿಲ್ಲ. ಮೊದಲೆಲ್ಲ ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರವನ್ನು ಚೌಕುಳಿ ಕಾಗದದ ಮೇಲೆ ಬರೆದು, ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಿದ್ದರು. ಆಮೇಲೆ ಅದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಪೆನ್ ಡ್ರೈವಿನಲ್ಲಿ ಒಯ್ದು ಮಗ್ಗಕ್ಕೆ ಚುಚ್ಚುವ ಕಾಲ ಬಂತು. ಕಂಪ್ಯೂಟರ್ ಕೆಟ್ಟರೆ ಮಗ್ಗ ನಿಂತಿತು. ಮಗ್ಗ ನಿಂತರೆ ಅದರ ಒಡೆಯರಾದ ಸಾವುಕಾರರ ಬಾಯಿ ಶುರುವಾಯಿತು.

ಅಲ್ಲಿ ನಾನೊಂದು ಪದ್ಧತಿ ಹಾಕಿಕೊಟ್ಟೆ. ಅಮಾವಾಸ್ಯೆಯ ದಿನ ಮಗ್ಗ ನಡೆಸುವುದಿಲ್ಲ. ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಾರೆ. ಕಂಪ್ಯೂಟರಿಗೂ ಅದೇ ಮರ್ಯಾದೆ. ನಾನು ಹೇಳಿದೆ: ಹೇಗೂ ಕೆಲಸ ನಿಂತಿರುತ್ತದೆ, ಪೂಜೆಗೆ ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಿರಿ, ಆ ಇನ್ನೊಂದು ಡಿಸ್ಕಿಗೂ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಡಿರಿ. ಕೆಲವರು ನಕ್ಕರು. ಆದರೆ ಮೇಜಿನ ಮೇಲಿಟ್ಟ ಡಿಸ್ಕಿನಲ್ಲಿ ಅಳಿಯಂದಿರು ಸಿನಿಮಾ ತುಂಬುತ್ತಾರೆ, ಜಗಲಿಯ ಮೇಲಿಟ್ಟದ್ದನ್ನು ಸ್ನಾನ ಮಾಡದೆ ಯಾರೂ ಮುಟ್ಟುವುದಿಲ್ಲ. ಇಷ್ಟು ಭದ್ರವಾದ ತಿಜೋರಿಯನ್ನು ಯಾವ ಕಂಪನಿಯೂ ಮಾಡಿಲ್ಲ.

ಮಲ್ಲಪ್ಪ ಸಾವುಕಾರರ ಕಾರ್ಖಾನೆಯಲ್ಲೂ ಈ ಪದ್ಧತಿ ಇತ್ತು. ಅವರಲ್ಲಿ ದಡಿ ಬರೆಯುವವಳು ಸುರೇಖಾ, ರಬಕವಿಯ ನೇಕಾರರ ಮನೆಯ ಹೆಣ್ಣುಮಗಳು. ಒಂದು ಬೆಳಿಗ್ಗೆ ಸಾವುಕಾರರ ಫೋನು. ಅವರ ಅಳಿಯ ಎಲ್ಲಿಂದಲೋ ಪುಕ್ಕಟೆ ಸಿಕ್ಕ ಹೊಸ ಡಿಸೈನ್ ಪ್ರೋಗ್ರಾಮು ಹಾಕಿದ್ದ. ಕಂಪ್ಯೂಟರ್ ಶುರುವಾಗಲು ಹೋಗುವುದು, ಆರುವುದು, ಮತ್ತೆ ಹೋಗುವುದು, ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಮದುವೆ ಸೀಸನ್. ಮುಂದಿನ ಸೀರೆಗಳಿಗೆ ಹಚ್ಚಬೇಕಾದ ಡಿಸೈನುಗಳು ಒಳಗೆ ಸಿಕ್ಕಿಕೊಂಡು ಮಗ್ಗಗಳು ನಿಂತಿದ್ದವು.

ಹೋಗಿ ಮೊದಲು ಮಾತ್ರೆ ಕೊಡಲು ನೋಡಿದೆ. ಗುರುತೇ ಇರಲಿಲ್ಲ. ಆ ಕಂಪ್ಯೂಟರ್ ಮಾರಿದ್ದು ವಸಂತ ಸರ್. ಅವರ ಚಟದಂತೆ ಗುರುತಿನ ಏರ್ಪಾಡು ಬಂದ್ ಆಗಿತ್ತು. ಹಾಗಾದರೆ ಉಳಿದದ್ದು ಜಗಲಿಯ ಮೇಲಿನ ಅಮಾವಾಸ್ಯೆಯ ಡಿಸ್ಕು ಮಾತ್ರ. ಸಾವುಕಾರರೇ ಸ್ನಾನ ಮಾಡಿ ಅದನ್ನು ತಂದುಕೊಟ್ಟರು.

“ತಗೋ. ಸುರಿ. ತಾಸಿನಾಗ ಮಗ್ಗ ಹೊಂಡಬೇಕು.”

“ಸುರೇಖಾ ಎಲ್ಲಿ ಅದಾಳ್ರಿ?”

“ಅಕಿ ಯಾಕ ಬೇಕ ನಿನಗ? ರಜಾ ಹಾಕ್ಯಾಳ. ಅಕಿ ಅಜ್ಜಿ ತೀರಿದ್ಲು.”

“ಅಮಾಸಿ ಆಗಿ ಭಾಳ ದಿನಾ ಆತ್ರಿ ಸಾವುಕಾರ್ರ. ಇದನ್ನ ಸುರದ್ರ ಈಚೆಗೆ ಅಕಿ ಬರದದ್ದೆಲ್ಲಾ ಹೋಗತೈತಿ. ಏನೇನ ತಗದ ಇಡಬೇಕಂತ ಅಕೀನ ಕೇಳದ ನಾ ಸುರ್ಯಾಂಗಿಲ್ಲ.”

ಸಾವುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕಂಪ್ಯೂಟರ್ ನಂದು. ಮಗ್ಗ ನಂದು. ಪಗಾರ ಕೊಡಾಂವ ನಾನು. ಕೇಳೂದು ಅಕಿನ್ನ?”

“ಕಂಪ್ಯೂಟರ್ ನಿಮ್ದು ಖರೆ. ಅದರಾಗ ಏನೈತಿ ಅಂತ ನಿಮಗ ಗೊತ್ತೈತೇನ್ರಿ?”

ಅವರು ವಸಂತ ಸರ್‌ಗೆ ಫೋನು ಹಚ್ಚಿದರು. ಜಮಖಂಡಿಯಿಂದ ವಸಂತ ಸರ್ ಕಾರಿನಲ್ಲಿ ಬಂದಿಳಿಯುವಷ್ಟರಲ್ಲಿ ನಾನು ಕಂಪ್ಯೂಟರಿನ ಸ್ಕ್ರೂ ಬಿಚ್ಚಿ, ಒಳಗಿನ ಡಿಸ್ಕನ್ನು ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಸರ್ ಬಾಗಿಲಲ್ಲೇ ನಿಂತು ನಕ್ಕರು.

“ಏನೋ, ಕೋಳಿ ತತ್ತಿ ಮ್ಯಾಲ ಕುಂತಂಗ ಕುಂತಿ?”

“ಮರಿ ಹೊರಗ ಬರೂಮಟ ಏಳಂಗಿಲ್ರಿ ಸರ್.”

“ಕೊಡಿಲ್ಲೆ, ನಾ ನೋಡ್ತೀನಿ.”

ಕೊಡಲಿಲ್ಲ. ನನ್ನ ಲ್ಯಾಪ್‌ಟಾಪಿಗೆ ನಾನೇ ಜೋಡಿಸಿ ಅವರ ಕಡೆ ತಿರುಗಿಸಿದೆ. ಆ ಡಿಸ್ಕಿನಲ್ಲಿದ್ದ ಡಿಸೈನುಗಳ ಹೆಸರನ್ನೂ ಅಮಾವಾಸ್ಯೆಯ ಡಿಸ್ಕಿನ ಹೆಸರುಗಳನ್ನೂ ಅವರು ಒಂದೊಂದಾಗಿ ತಾಳೆ ನೋಡಿದರು. ಎಲ್ಲ ಹೆಸರೂ ಎರಡರಲ್ಲೂ ಇದ್ದವು. ಹೊಸ ಹೆಸರು ಒಂದೂ ಇರಲಿಲ್ಲ.

“ನೋಡ್ರಿ ಸಾವುಕಾರ್ರ, ಅಮಾಸಿ ಆದ ಮ್ಯಾಲ ಆ ಹುಡುಗಿ ಹೊಸಾದು ಏನೂ ಬರದೇ ಇಲ್ಲ. ಇಂವ ಸುಳ್ಳ ನಿಮ್ಮ ಮಗ್ಗಾ ನಿಂದ್ರಸ್ಯಾನ.”

ನಾನೂ ಆ ಪಟ್ಟಿಯನ್ನು ಮತ್ತೊಮ್ಮೆ ಓದಿದೆ, ಸರ್ ಹೇಳಿದ್ದು ಖರೆ ಇತ್ತು. ಸಾವುಕಾರರ ಮುಖ ಕೆಂಪಾಗಿತ್ತು. “ಈರಣ್ಣಾ, ಡಿಸ್ಕ್ ಕೆಳಗಿಡು. ಇಲ್ಲಾ ಅಂದ್ರ ಇವತ್ತಿನಿಂದ ಬನಹಟ್ಟಿ ಬಸ್ ಹತ್ತಬ್ಯಾಡ. ಒಬ್ಬ ನೇಕಾರನೂ ನಿನ್ನ ಕರೀದಂಗ ಮಾಡ್ತೀನಿ.” ಅದು ಬರೀ ಬೆದರಿಕೆ ಅಲ್ಲ, ಮಾಡುವ ತಾಕತ್ತು ಅವರಿಗಿತ್ತು.

“ಹತ್ತಂಗಿಲ್ಲ ತಗೋರಿ. ಇವತ್ತು ಬಂದೀನಲ್ಲ, ಕೇಳಿಕೊಂಡ ಹೋಗ್ತೀನಿ. ಅಕಿಗೆ ಫೋನ್ ಹಚ್ಚರಿ.”

ಫೋನು ಹಚ್ಚಿದ್ದು ನಾನೇ. ಸುರೇಖಾ ರಬಕವಿಯಿಂದ ಆಟೋದಲ್ಲಿ ಬಂದಳು, ಕಣ್ಣು ಊದಿಕೊಂಡಿದ್ದವು. ವಿಷಯ ಹೇಳಿದ್ದೇ ತಡ, ಗೋಡೆ ಹಿಡಿದು ನಿಂತುಬಿಟ್ಟಳು.

“ಸುರದ್ರೇನ್ರಿ ಕಾಕಾ?”

“ಇಲ್ಲವ್ವಾ. ಆದ್ರ ಹೊಸ ಹೆಸರಿಂದು ಯಾವ ಡಿಸೈನೂ ಕಾಣವಲ್ತು. ಏನರ ಬರದಿದ್ದೇನು?”

“ಹೆಸರ ಹೆಂಗ್ ಇಡೂದ್ರಿ? ಮದಲ ಸೀರಿ ಮಗ್ಗದಿಂದ ಇಳಿಯೂಮಟ ಹೊಸ ದಡಿಗೆ ಹೆಸರ ಇಡಂಗಿಲ್ಲ ನಮ್ಮಲ್ಲೆ. ಹುಟ್ಟದ ಕೂಸಿಗೆ ಹೆಸರ ಇಡ್ತಾರೇನು? ರುದ್ರಾಕ್ಷಿ ದಡಿ ಅಂತ ಹಳೇದೊಂದು ಐತೆಲ್ರಿ, ಅದರ ಒಳಗ ಅಳಿಸಿ ಬರದೀನಿ.”

ರುದ್ರಾಕ್ಷಿ ದಡಿಯನ್ನು ತೆರೆದೆ. ರುದ್ರಾಕ್ಷಿ ಇರಲಿಲ್ಲ. ಬೇರೊಂದು ದಡಿ ಇತ್ತು: ಸಣ್ಣ ಸಣ್ಣ ತೆನೆ, ನಡುವೆ ಮೂಗುತಿಯಂತಹ ಚುಕ್ಕೆ. ಸಾವುಕಾರರೂ ಬಗ್ಗಿ ನೋಡಿದರು. ಅಮಾವಾಸ್ಯೆಯ ಡಿಸ್ಕು ಸುರಿದಿದ್ದರೆ ಹಳೆಯ ರುದ್ರಾಕ್ಷಿ ಬಂದು ಇದರ ಮೇಲೆ ಕೂತಿರುತ್ತಿತ್ತು, ಏನೋ ಹೋಯಿತೆಂದು ಹೆಸರು ನೋಡುವ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಇದು ನಮ್ಮಜ್ಜಿ ಗಂಗವ್ವನ ಮದವಿ ಸೀರಿ ದಡಿರಿ,” ಎಂದಳು ಸುರೇಖಾ. “ಅಜ್ಜಿ ಗಂಡ, ನಮ್ಮ ಮುತ್ಯಾ, ತನ್ನ ಕೈಲೆ ನೇದಿದ್ದ. ಅಜ್ಜಿ ಹಾಸಿಗಿ ಹಿಡದಾಗ ಬಾಜೂಕ ಕುಂತು ಒಂದೊಂದ ಎಳಿ ನೋಡಿ, ದಿನಾ ಇಷ್ಟಿಷ್ಟ ಮನಸಿನಾಗ ಇಟ್ಕೊಂಡು ಬಂದು ಇದರಾಗ ಬರದೀನಿ. ಆ ಸೀರಿ ಉಡಿಸೇ ಮಣ್ಣ ಕೊಡ್ರಿ ಅಂದಿದ್ಲು. ನಿನ್ನಿ ಹಂಗ ಕೊಟ್ಟಿವಿ.”

“ಫೋನಿನಾಗ ಫೋಟೋ?” ಎಂದು ವಸಂತ ಸರ್ ಮೆಲ್ಲಗೆ ಕೇಳಿದರು.

“ಫೋಟೋದಾಗ ಸೀರಿ ಕಾಣತೈತ್ರಿ ಸರ್, ಎಳಿ ಕಾಣಂಗಿಲ್ಲ.”

ಅಂದರೆ ಆ ದಡಿ ಭೂಮಿಯ ಮೇಲೆ ಉಳಿದದ್ದು ನನ್ನ ತೊಡೆಯ ಮೇಲಿದ್ದ ಡಿಸ್ಕಿನಲ್ಲಿ ಮಾತ್ರ. ಸರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಮುಂದಿನ ಕೆಲಸ ಇಬ್ಬರೂ ಕೂಡಿ ಮಾಡಿದೆವು. ಮೊದಲು ಅವಳ ಕೆಲಸವನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಅವಳಿಂದಲೇ ತೆರೆದು ನೋಡಿಸಿ, ಆಮೇಲೆ ಡಿಸ್ಕು ಒಳಗೆ ಹಾಕಿ ಅಮಾವಾಸ್ಯೆಯನ್ನು ಸುರಿದೆವು. ಕಂಪ್ಯೂಟರ್ ಎದ್ದಿತು. ಅವಳ ದಡಿಯನ್ನು ಮರಳಿ ಇಟ್ಟೆವು. ಗುರುತು ಹಾಕುವ ಏರ್ಪಾಡನ್ನು ನಾನು ಶುರು ಮಾಡುವಾಗ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮಗ್ಗ ಹೊರಟಿತು. ಸಾವುಕಾರರು ಕಿಸೆಗೆ ಕೈ ಹಾಕಿದರು.

“ಮುನ್ನೂರು ತಗೋ. ಅರ್ಧಾ ದಿನ ಮಗ್ಗ ನಿಂದ್ರಸಿದಿ, ಅದನ್ನ ನಾ ಲೆಕ್ಕಾ ಹಿಡದಿಲ್ಲ.”

“ಐದನೂರು ಬೋರ್ಡಿನ ಮ್ಯಾಲ ಬರದೀನ್ರಿ.”

“ಬೋರ್ಡು ಜಮಖಂಡ್ಯಾಗ ಐತಿ. ಇದು ಬನಹಟ್ಟಿ.”

ನಾನು ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿದೆ. ಆ ಕಾರ್ಖಾನೆಯಲ್ಲಿ ಮೊದಲ ಸೀರೆ ಇಳಿದಾಗ ದಡಿಗೆ ಹೆಸರಿಡುವ ಹಕ್ಕು ಸಾವುಕಾರರದು. ಅವರ ಮನೆದೇವರು, ಮೊಮ್ಮಕ್ಕಳು, ಕಡೆಗೆ ಅವರ ಕಾರಿನ ಹೆಸರೂ ದಡಿಗಳಿಗೆ ಬಂದಿತ್ತು.

“ಒಂದ ಪೈಸಾನೂ ಬ್ಯಾಡ್ರಿ ಸಾವುಕಾರ್ರ. ಈ ದಡಿ ಹೆಸರ ಮಾತ್ರ ಸುರೇಖಾ ಇಡಲಿ.”

ಅವರು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದರು. ಆಮೇಲೆ ಮುನ್ನೂರನ್ನು ಕಿಸೆಗೆ ಹಾಕಿಕೊಂಡು ಜೋರಾಗಿ ನಕ್ಕರು. “ಹೆಸರಿಗೇನ್ ರೊಕ್ಕ ಬೀಳತೈತೇನು? ಇಡಲಿ ತಗೋ.” ವಸಂತ ಸರ್ ಸಾಕ್ಷಿ. ನನ್ನ ಜೀವನದಲ್ಲಿ ನಾನು ಗೆದ್ದ ದೊಡ್ಡ ಚೌಕಾಶಿ ಅದು, ಗೆದ್ದೆ ಅಂದುಕೊಂಡವರು ಸಾವುಕಾರರು.

ಅವರು ಆಡಿದ ಎರಡೂ ಮಾತು ನಡೆಸಿದರು. ಹೆಸರನ್ನು ಅವಳಿಗೆ ಬಿಟ್ಟರು, ನನ್ನನ್ನು ಮತ್ತೆ ಕರೆಯಲಿಲ್ಲ. ಬೇರೆ ಕಾರ್ಖಾನೆಯವರೂ ಒಬ್ಬೊಬ್ಬರಾಗಿ ಕರೆಯುವುದು ಬಿಟ್ಟರು. ಅರ್ಧ ಸಂಪಾದನೆ ಹೋಯಿತು. ತೇರದಾಳ, ಬೀಳಗಿ ತಿರುಗಿ ಬೇರೆ ಗಿರಾಕಿ ಹುಡುಕಿಕೊಂಡೆ. ಸಾವುಕಾರರ ಬಾಗಿಲಿಗೆ ಹೋಗಿ ಕೈ ಮುಗಿ ಎಂದು ಹೇಳಿದವರು ಬಹಳ ಜನ. ನಾನು ಹೋಗಲಿಲ್ಲ. ಇವತ್ತು ಅದೇ ಪ್ರಸಂಗ ಬಂದರೂ ಅದೇ ಡಿಸ್ಕು, ಅದೇ ತೊಡೆ.

ಈಚೆಗೆ ಒಂದು ದಿನ ಜಮಖಂಡಿಯ ಒಂದು ಸೀರೆ ಅಂಗಡಿಯಲ್ಲಿ ಹೆಂಡತಿಯ ಜೊತೆ ಕೂತಿದ್ದೆ. ಪಕ್ಕದಲ್ಲಿ ಯಾವುದೋ ಊರಿನ ಹೆಣ್ಣುಮಗಳೊಬ್ಬಳು ಅಂಗಡಿಯವನಿಗೆ ಹೇಳುತ್ತಿದ್ದಳು: “ಇದಲ್ರಿ ಅಣ್ಣಾ, ಗಂಗವ್ವನ ದಡೀದು ತೋರಸ್ರಿ.” ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅಂದು ಮಾತ್ರ ನಾನು ಅಂಗಡಿಯವನು ಹೇಳಿದ ಮೊದಲ ಬೆಲೆಗೇ ಒಂದು ಸೀರೆ ಕೊಂಡೆ.

ಈಗಿನ ಕಂಪ್ಯೂಟರುಗಳು ಶಾಣ್ಯಾ ಆಗಿವೆ, ಎಷ್ಟೋ ಕೆಲಸ ತಾವೇ ಮಾಡಿಕೊಳ್ಳುತ್ತವೆ, ಪಡಿಯಚ್ಚು ಎಲ್ಲೋ ಆಕಾಶದಲ್ಲಿ, ‘ಕ್ಲೌಡ್’ನಲ್ಲಿ, ಇರುತ್ತದಂತೆ. ಇರಲಿ. ಆದರೂ ಈ ಮುದುಕನ ಮಾತು ಕೇಳಿ. ಗುರುತು ಹಾಕಿಕೊಳ್ಳುವ ಏರ್ಪಾಡು ಶುರು ಇದೆಯೋ ಇಲ್ಲವೋ, ಇವತ್ತೇ ನೋಡಿ. ಎಷ್ಟೋ ಕಂಪ್ಯೂಟರುಗಳಲ್ಲಿ ಬಂದ್ ಇರುತ್ತದೆ. ಹೊಸದೇನಾದರೂ ಹಾಕುವ ಮೊದಲು ನೀವೇ ಒಂದು ಗುರುತು ಹಾಕಿ. ಪಡಿಯಚ್ಚನ್ನು ತಿಂಗಳಿಗೊಮ್ಮೆ ತೆಗೆಯಿರಿ; ದಿನ ನೆನಪಿರುವುದಿಲ್ಲ ಎಂದರೆ ಅಮಾವಾಸ್ಯೆ ಇದೆ, ಅದನ್ನು ಕ್ಯಾಲೆಂಡರ್ ನೆನಪಿಸುತ್ತದೆ. ಪಡಿಯಚ್ಚಿನ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಇಡಬೇಡಿ, ಮನೆಯಲ್ಲಿ ಯಾರೂ ಕೈ ಹಚ್ಚದ ಜಾಗದಲ್ಲಿ ಇಡಿ. ಹಿಂದಕ್ಕೆ ಒಯ್ದರೆ ಕೆಲವು ಸಲ ಪಾಸ್‌ವರ್ಡೂ ಹಳೆಯದಕ್ಕೆ ಹೋಗುತ್ತದೆ, ಅದು ನೆನಪಿದೆಯೇ ಎಂದು ಮೊದಲೇ ಕೇಳಿ. ಫೈಲಿನ ಹೆಸರು ನೋಡಿ ಏನೂ ಇಲ್ಲ ಎನ್ನಬೇಡಿ, ತೆರೆದು ನೋಡಿ.

ಮತ್ತು ರೊಕ್ಕ ಕೊಡುವವನೊಬ್ಬನನ್ನೇ ಕೇಳಿ ಮುಗಿಸಬೇಡಿ. ಆ ಕಂಪ್ಯೂಟರಿನ ಮುಂದೆ ದಿನಾ ಕೂರುವವರು ಯಾರು, ಅವರನ್ನು ಕರೆಸಿ ಕೇಳಿ: ಅಂದಿನಿಂದ ಇಂದಿನವರೆಗೆ ಏನು ಮಾಡಿದ್ದೀರಿ? ಅವರು ಬರುವವರೆಗೆ ಡಿಸ್ಕು ನಿಮ್ಮ ತೊಡೆಯ ಮೇಲೇ ಇರಲಿ. ಯಾರು ಎಷ್ಟು ಕೂಗಿದರೂ ಏಳಬೇಡಿ.